ಮುಂದಿನ ಪಾಠ ಕೇಳುವ ಹಕ್ಕು



ಪ್ರತಿಭೆಯನ್ನು ಸನ್ಮಾನಿಸುವುದರಲ್ಲಿ ನಮ್ಮ ನಾಡು ಎಂದೂ ಹಿಂದೆ ಬಿದ್ದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ತಾಲ್ಲೂಕು ತಾಲ್ಲೂಕಿನಲ್ಲೂ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಸಮುದಾಯದ ಸಂಘಗಳು, ಸಹಕಾರ ಸಂಘಗಳು, ಹಳೆಯ ವಿದ್ಯಾರ್ಥಿ ಬಳಗಗಳು ಶಾಲು, ಹಾರ, ನೆನಪಿನ ಕಾಣಿಕೆ ಹಿಡಿದು ನಿಲ್ಲುತ್ತವೆ. ಚಿಕ್ಕ ಮಕ್ಕಳಿಗೆ ವರ್ಷಕ್ಕೊಮ್ಮೆ ಪ್ರತಿಭಾ ಕಾರಂಜಿಯ ವೇದಿಕೆ ಉಂಟು. ಇವೆಲ್ಲ ಬೇಕು. ಆದರೆ ಇವುಗಳಲ್ಲಿ ಹೆಚ್ಚಿನವು ಬರುವುದು ಮಗು ಗೆದ್ದ ಮೇಲೆ. ಆರೇಳು ವರ್ಷದಲ್ಲೇ ತರಗತಿಯ ಪುಸ್ತಕವನ್ನು ದಾಟಿ ನಿಂತ ಮಗುವಿಗೆ ಆ ಹೊತ್ತಿನಲ್ಲಿ, ಆ ಬೆಂಚಿನಲ್ಲಿ ಏನು ಸಿಗುತ್ತದೆ ಎಂದು ಕೇಳಿದರೆ ನಮ್ಮ ಬಳಿ ಹೇಳಿಕೊಳ್ಳುವಂಥ ಉತ್ತರವಿಲ್ಲ. ಇಂದು ಈ ದತ್ತಿ ಕಾರ್ಯಕ್ರಮದಲ್ಲಿ, ಮಾಲೂರು ತಾಲ್ಲೂಕಿನ ಟೇಕಲ್ ಹೋಬಳಿಯ ಶಿಕ್ಷಕರ, ತಂದೆತಾಯಂದಿರ ಮುಂದೆ ನಾನು ಮಾತಾಡುವುದು ಆ ಮಗುವಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಮಗುವಿನ ಪರವಾಗಿ ಶಿಕ್ಷಕರ ಬಳಿ ಹೋಗಿ ಏನು ಕೇಳಬೇಕು, ಹೇಗೆ ಕೇಳಬೇಕು ಎಂಬುದರ ಬಗ್ಗೆ.

ಪೋಷಕರ ಸಭೆಯಲ್ಲಿ ನಡೆಯುವ ಮಾತುಕತೆ ನಮಗೆಲ್ಲ ಗೊತ್ತು. ತಾಯಿ ಬಾಗಿಲ ಬಳಿ ನಿಂತು, "ಮೇಡಂ, ನಮ್ ಹುಡುಗಿ ಹೇಗೆ ಓದ್ತಾಳೆ?" ಎನ್ನುತ್ತಾಳೆ. "ಚೆನ್ನಾಗಿ ಓದ್ತಾಳಮ್ಮ, ಏನೂ ತೊಂದ್ರೆ ಇಲ್ಲ" ಎಂಬ ಉತ್ತರ ಬರುತ್ತದೆ. ತಾಯಿ ನೆಮ್ಮದಿಯಿಂದ ಹೊರಡುತ್ತಾಳೆ, ಮೇಡಂ ಮುಂದಿನವರನ್ನು ಕರೆಯುತ್ತಾರೆ. ಇಬ್ಬರಲ್ಲಿ ಯಾರ ತಪ್ಪೂ ಇಲ್ಲ. ಆದರೂ ಒಂದು ಮುಖ್ಯ ಸಂಗತಿ ಅಲ್ಲಿ ಕೈತಪ್ಪಿ ಹೋಯಿತು. ತೊಂದರೆ ಇಲ್ಲ ಅಂದರೆ ಆ ಹುಡುಗಿ ಗಲಾಟೆ ಮಾಡುವುದಿಲ್ಲ, ಬರೆಸಿದ್ದನ್ನು ಬರೆಯುತ್ತಾಳೆ, ಪರೀಕ್ಷೆಯಲ್ಲಿ ಎ ಪ್ಲಸ್ ತೆಗೆಯುತ್ತಾಳೆ ಎಂದಷ್ಟೇ ಅರ್ಥ. ಈ ತಿಂಗಳು ಅವಳು ಹೊಸದಾಗಿ ಏನು ಕಲಿತಳು ಎಂಬುದನ್ನು ಯಾರೂ ಕೇಳಲಿಲ್ಲ. ಜೂನ್‌ನಲ್ಲಿ ಗೊತ್ತಿದ್ದದ್ದನ್ನೇ ಮಾರ್ಚ್‌ನಲ್ಲಿ ಒಪ್ಪಿಸಿ ಎ ಪ್ಲಸ್ ತೆಗೆದ ಮಗುವಿಗೆ ಶಾಲೆಯಿಂದ ಒಂದು ವರ್ಷದ ಕಲಿಕೆ ದಕ್ಕಲಿಲ್ಲ. ಹಿಂದುಳಿದ ಮಗುವಿನ ನಷ್ಟವನ್ನು ಅಂಕಪಟ್ಟಿ ತೋರಿಸಿಬಿಡುತ್ತದೆ, ಈ ನಷ್ಟವನ್ನು ಅದೇ ಅಂಕಪಟ್ಟಿ ಮುಚ್ಚಿಡುತ್ತದೆ.

ಹಾಗಾಗಿ ನನ್ನ ವಾದ ಇಷ್ಟು. ಚುರುಕು ಮಗುವಿನ ಪರವಾಗಿ ಶಿಕ್ಷಕರನ್ನು ಕೇಳಬೇಕಾದದ್ದು ಬಿರುದನ್ನಲ್ಲ, ಮುಂದಿನ ಸಾಲಿನ ಜಾಗವನ್ನಲ್ಲ, ಹೆಚ್ಚು ಹೋಂವರ್ಕನ್ನಂತೂ ಅಲ್ಲವೇ ಅಲ್ಲ. ಕೇಳಬೇಕಾದದ್ದು ಮುಂದಿನ ಪಾಠವನ್ನು. ಅದನ್ನು ಕೇಳುವುದು ಉಪಕಾರ ಬೇಡುವುದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪ್ರತಿಯೊಂದು ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚುವರಿ ಬೋಧನೆ ಕೊಡಬೇಕು ಎಂಬುದು ಅವುಗಳಲ್ಲಿ ಒಂದು. ಪೋಷಕರನ್ನು ಆಗಾಗ ಕರೆದು ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಪ್ರಗತಿ ತಿಳಿಸಬೇಕು ಎಂಬುದು ಇನ್ನೊಂದು. ಹೆಚ್ಚುವರಿ ಬೋಧನೆ ಎಂದರೆ ಹಿಂದುಳಿದವರಿಗೆ ಕೊಡುವ ವಿಶೇಷ ತರಗತಿ ಎಂದೇ ನಾವು ರೂಢಿ ಮಾಡಿಕೊಂಡಿದ್ದೇವೆ. ಕಾಯ್ದೆ ಹಾಗೆ ಗೆರೆ ಎಳೆದಿಲ್ಲ, ಪ್ರತಿಯೊಂದು ಮಗು ಎನ್ನುತ್ತದೆ. 29ನೇ ಕಲಮು ಪಠ್ಯಕ್ರಮದ ಗುರಿಗಳ ನಡುವೆ ಮಗುವಿನ ಅಂತಃಶಕ್ತಿ, ಪ್ರತಿಭೆಗಳ ಬೆಳವಣಿಗೆಯನ್ನು ಹೆಸರಿಟ್ಟು ಸೇರಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಶೇಷ ಆಸಕ್ತಿ, ಪ್ರತಿಭೆಗಳಿರುವ ಮಕ್ಕಳನ್ನು ಗುರುತಿಸಿ ಪೋಷಿಸುವ ಮಾತನ್ನು ಪ್ರತ್ಯೇಕವಾಗಿ ಆಡಿದೆ.

ಕಾಗದದ ಮೇಲಿರುವುದು ತರಗತಿಗೆ ಇಳಿಯುವುದು ಹೇಗೆ ಎಂದರೆ, ಕರ್ನಾಟಕದ ಮಟ್ಟಿಗೆ ಅದು ಆಗಲೇ ಒಮ್ಮೆ ಇಳಿದಿದೆ. ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಅದಕ್ಕೆ ಪ್ರೇರಣೆ ಕೊಟ್ಟದ್ದು ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗ. ಆ ರಿಷಿ ವ್ಯಾಲಿ ಇರುವುದು ಮದನಪಲ್ಲಿಯ ಹತ್ತಿರ, ನಮ್ಮ ಜಿಲ್ಲೆಯ ಶ್ರೀನಿವಾಸಪುರದಿಂದ ಆಂಧ್ರದ ಗಡಿ ದಾಟಿದರೆ ಸಿಗುವ ಸೀಮೆಯಲ್ಲಿ. 2009-10ರಿಂದ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ಅದರ ತಿರುಳು ಕಲಿಕಾ ಏಣಿ. ಮೈಲಿಗಲ್ಲು, ಮೈಲಿಗಲ್ಲಿನೊಳಗೆ ಮೆಟ್ಟಿಲು, ಪ್ರತಿ ಮೆಟ್ಟಿಲಿಗೊಂದು ಕಾರ್ಡು. ಮಗು ತನ್ನ ಕಾರ್ಡು ಮುಗಿಸಿ ಮುಂದಿನದನ್ನು ತಾನೇ ತೆಗೆದುಕೊಳ್ಳುತ್ತದೆ. ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರು ಒಂದು ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಸಹಪಾಠಿಗಳ ಜತೆ ಕಲಿಯುವವರು ಇನ್ನೊಂದರಲ್ಲಿ, ತಾವೇ ಕಲಿಯುವವರು ಮತ್ತೊಂದರಲ್ಲಿ ಕೂರುತ್ತಾರೆ. ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿರುವುದರಿಂದ, ಏಣಿ ಬೇಗ ಹತ್ತಿದ ಮಗುವಿಗೆ ಮುಂದಿನ ತರಗತಿಯ ಕಾರ್ಡು ಕೈಗೆಟಕುವಷ್ಟೇ ದೂರ. ಹದಿನೈದು ದಿನ ಜ್ವರ ಬಂದು ಮಲಗಿದ್ದ ಮಗು ಬಿಟ್ಟಲ್ಲಿಂದಲೇ ಹತ್ತಬಹುದು, ಹದಿನೈದು ದಿನ ಮುಂದಿರುವ ಮಗು ತಡೆಯಿಲ್ಲದೆ ಹತ್ತಬಹುದು. ಈ ಎರಡನ್ನೂ ಒಂದೇ ಏರ್ಪಾಡು ನಿಭಾಯಿಸುತ್ತದೆ. ಮುಂದಿರುವವರಿಗೆ ಕೊಟ್ಟರೆ ಹಿಂದಿರುವವರಿಗೆ ಕಡಿಮೆಯಾಗುತ್ತದೆ ಎಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣದು.

ಈ ಪದ್ಧತಿ ಎಲ್ಲ ಕಡೆ ಹೇಳಿದಂತೆ ನಡೆಯುತ್ತಿದೆ ಎಂದು ನಾನು ಹೇಳುತ್ತಿಲ್ಲ. ಕಾರ್ಡು ಹರಿದ ಶಾಲೆಗಳಿವೆ, ಇಡೀ ಕೋಣೆಗೆ ಒಂದೇ ಕಾರ್ಡನ್ನು ಒಟ್ಟಿಗೆ ಓದಿಸುವ ಶಾಲೆಗಳೂ ಇವೆ. ಆದರೂ ಪೋಷಕರಿಗೆ ಅದು ಒಂದು ಖಚಿತವಾದ ಪ್ರಶ್ನೆಯನ್ನು ಕೊಟ್ಟಿದೆ: "ಮೇಡಂ, ನನ್ನ ಮಗು ಏಣಿಯಲ್ಲಿ ಎಲ್ಲಿದೆ? ಹೋದ ತಿಂಗಳು ಎಲ್ಲಿತ್ತು?" ಈ ಪ್ರಶ್ನೆಗೆ "ತೊಂದರೆ ಇಲ್ಲ" ಎಂದು ಉತ್ತರಿಸಲಾಗದು. ನಾಲ್ಕನೇ ತರಗತಿಗೆ ಬಂದೊಡನೆ ಏಣಿ ಮಾಯವಾಗುತ್ತದೆ, ಎಲ್ಲರೂ ಒಂದೇ ದಿನ ಒಂದೇ ಪುಟದಲ್ಲಿರಬೇಕಾಗುತ್ತದೆ. ಏಳೆಂಟು ವರ್ಷದವರೆಗೆ ತನ್ನ ನಡಿಗೆಯಲ್ಲಿ ನಡೆದ ಮಗು ಒಂಬತ್ತಕ್ಕೆ ಕಾಯುತ್ತ ಕೂರುವುದನ್ನು ಕಲಿಯುತ್ತದೆ. ಕಲಿಯಲು ಹಟ ಬೇಕು ಎಂಬುದು ಇಂಥ ಮಗುವಿಗೆ ಗೊತ್ತಾಗುವುದೇ ಇಲ್ಲ, ಯಾಕೆಂದರೆ ಯಾವುದೂ ಅದಕ್ಕೆ ಕಷ್ಟವೆನಿಸಿಲ್ಲ. ಪಿಯುಸಿಯ ಗಣಿತದಲ್ಲಿ ಮೊದಲ ಸಲ ಎಡವಿದಾಗ ಎದ್ದು ನಿಲ್ಲುವ ಅಭ್ಯಾಸವೇ ಅದಕ್ಕೆ ಇರುವುದಿಲ್ಲ.

ಗೊತ್ತಿರುವ ಪಾಠವನ್ನು ಬಿಟ್ಟು ಮುಂದೆ ಹೋದರೆ ಬುನಾದಿ ಸಡಿಲವಾಗುವುದಿಲ್ಲವೇ ಎಂದು ಶಿಕ್ಷಕರು ಕೇಳುವುದು ನ್ಯಾಯ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸ್ಯಾಲಿ ರೀಸ್, ಜೋಸೆಫ್ ರೆಂಜುಲಿ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ನಾನೂರಕ್ಕೂ ಹೆಚ್ಚು ಶಿಕ್ಷಕರ ತರಗತಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಪಾಠ ಶುರುವಾಗುವ ಮೊದಲೇ ಮಗುವಿಗೆ ಏನು ಗೊತ್ತಿದೆ ಎಂದು ನೋಡಿ, ಗೊತ್ತಿರುವ ಭಾಗವನ್ನು ಕೈಬಿಡುವುದು, ಉಳಿದ ಸಮಯದಲ್ಲಿ ಬೇರೆ ಕೆಲಸ ಕೊಡುವುದು. ಆಯ್ದ ಮಕ್ಕಳಿಗೆ ಕೆಲವು ವಿಷಯಗಳಲ್ಲಿ ಶೇ. 40ರಿಂದ 50ರಷ್ಟು ಪಾಠವನ್ನು ಹೀಗೆ ಬಿಡಲಾಯಿತು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಅವರು ಪೂರ್ತಿ ಪಾಠ ಕೇಳಿದ ಸಮಾನರಿಗಿಂತ ಹಿಂದೆ ಬೀಳಲಿಲ್ಲ. ನಮ್ಮ ಮೂರನೇ ತರಗತಿಗೆ ಇದನ್ನು ಹೊಂದಿಸಿ ನೋಡೋಣ. ದಶಕದ ಕೂಡುವ ಲೆಕ್ಕಗಳು ಹತ್ತು ಇವೆ, ಕೊನೆಯ ಎರಡು ಎಲ್ಲಕ್ಕಿಂತ ಕಷ್ಟ. ಆ ಎರಡನ್ನು ಮೊದಲು ಮಾಡಿಸುವುದು. ಎರಡೂ ಸರಿಯಾದರೆ ಉಳಿದ ಎಂಟನ್ನು ಬಿಟ್ಟು ಬೇರೆ ಪ್ರಶ್ನೆ ಕೊಡುವುದು: ಒಂದರಿಂದ ನೂರರವರೆಗೆ ಬರೆದರೆ ಏಳು ಎಂಬ ಅಂಕಿ ಎಷ್ಟು ಸಲ ಬರುತ್ತದೆ? ಮನೆಯ ಡೇರಿ ಪುಸ್ತಕದಲ್ಲಿ ಬೆಳಿಗ್ಗೆ ಸಂಜೆ ಬರೆದ ಲೀಟರುಗಳನ್ನು ಹದಿನೈದು ದಿನಕ್ಕೆ ಕೂಡಿದರೆ ಬಟವಾಡೆಯ ಮೊತ್ತಕ್ಕೆ ತಾಳೆಯಾಗುತ್ತದೆಯೇ? ಆಗದಿದ್ದರೆ ಯಾವ ದಿನದ ಫ್ಯಾಟು ಅದನ್ನು ಬದಲಿಸಿತು? ಟೇಕಲ್ಲಿನ ಕಲ್ಲು ದಿಮ್ಮಿಯ ಉದ್ದ, ಅಗಲ, ದಪ್ಪ ಕೊಟ್ಟರೆ ಅದನ್ನು ಒಂದಡಿಯ ಘನಗಳಾಗಿ ಎಷ್ಟು ತುಂಡು ಮಾಡಬಹುದು? ಇವಕ್ಕೆ ಲ್ಯಾಬ್ ಬೇಡ, ಅನುದಾನ ಬೇಡ. ಬೇಕಾದದ್ದು ಆ ಎಂಟು ಲೆಕ್ಕಗಳನ್ನು ಬಿಡುವ ಧೈರ್ಯ ಮತ್ತು ಹಾಗೆ ಬಿಡಬಹುದು ಎಂಬ ಅಧಿಕಾರಿಗಳ ಒಪ್ಪಿಗೆ. ನೋಟ್‌ಪುಸ್ತಕ ಪೂರ್ತಿ ತುಂಬಿದೆಯೇ ಎಂದು ನೋಡುವ ತಪಾಸಣೆ ಮುಂದುವರಿದರೆ ಯಾವ ಶಿಕ್ಷಕರೂ ಆ ಧೈರ್ಯ ಮಾಡಲಾರರು.

ಇಂಥ ಮಗುವನ್ನು ಗುರುತಿಸುವುದು ಹೇಗೆ ಎಂಬುದು ಇದಕ್ಕಿಂತ ಕಠಿಣ. ಇಲ್ಲಿ ಕೋಲಾರ ಸೀಮೆಗೆ ತನ್ನದೇ ತೊಡಕಿದೆ. ನಮ್ಮ ಎಷ್ಟೋ ಮನೆಗಳಲ್ಲಿ ತೆಲುಗು, ಕೆಲವೆಡೆ ತಮಿಳು, ಉರ್ದು. ಒಂದನೇ ತರಗತಿಗೆ ಬಂದ ಮಗು ಕನ್ನಡದ ಪ್ರಶ್ನೆ ಕೇಳಿ, ಮನಸ್ಸಿನೊಳಗೆ ತೆಲುಗಿನಲ್ಲಿ ಉತ್ತರ ಹುಡುಕಿ, ಅದನ್ನು ಕನ್ನಡಕ್ಕೆ ತರುವಷ್ಟರಲ್ಲಿ ಪಕ್ಕದವನು ಉತ್ತರ ಹೇಳಿಯಾಗಿರುತ್ತದೆ. ಎರಡು ನುಡಿಯಲ್ಲಿ ಒಟ್ಟಿಗೆ ಯೋಚಿಸುವ ಆ ಮಗುವಿಗೆ ಮಂಕು ಎಂಬ ಹೆಸರು ಬೀಳುತ್ತದೆ. ಶಿಕ್ಷಕರ, ಪೋಷಕರ ಶಿಫಾರಸನ್ನೇ ನಂಬಿದರೆ ಯಾರು ಬಿಟ್ಟುಹೋಗುತ್ತಾರೆ ಎಂಬುದಕ್ಕೆ ಫ್ಲಾರಿಡಾದ ಬ್ರೋವರ್ಡ್ ಕೌಂಟಿ ಒಳ್ಳೆಯ ಸಾಕ್ಷಿ. ಅಲ್ಲಿ 2005ರವರೆಗೆ ಪ್ರತಿಭಾನ್ವಿತ ಮಕ್ಕಳ ಪಟ್ಟಿಗೆ ಶಿಕ್ಷಕರೋ ಪೋಷಕರೋ ಹೆಸರು ಸೂಚಿಸಬೇಕಿತ್ತು. ಆಮೇಲೆ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮಾತು ಬೇಡದ, ಆಕೃತಿಗಳ ಒಗಟಿನಂಥ ಒಂದು ಚಿಕ್ಕ ಪರೀಕ್ಷೆ ಕೊಡಲಾಯಿತು. ಬಡ, ಕಪ್ಪು, ಹಿಸ್ಪಾನಿಕ್ ಮನೆಗಳಿಂದ ಆಯ್ಕೆಯಾದ ಮಕ್ಕಳ ಸಂಖ್ಯೆ ಬಹಳ ಏರಿತು. ಹಣದ ಕೊರತೆಯಿಂದ ಆ ಕ್ರಮ ನಿಂತಾಗ ಸಂಖ್ಯೆ ಮತ್ತೆ ಕುಸಿಯಿತು. ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಆ ಮಕ್ಕಳು ಅಷ್ಟೂ ವರ್ಷ ಅಲ್ಲೇ ಇದ್ದರು, ಕೇಳುವ ಬಾಯಿ ಅವರ ಮನೆಯಲ್ಲಿರಲಿಲ್ಲ. ಪರೀಕ್ಷೆಯೊಂದೇ ಸಾಕೆಂದೂ ಅಲ್ಲ. 1921ರಲ್ಲಿ ಮನೋವಿಜ್ಞಾನಿ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿಮಾಪನದಿಂದ ಸಾವಿರಾರು ಮಕ್ಕಳನ್ನು ಜರಡಿ ಹಿಡಿದಾಗ ಜಾರಿಹೋದವರಲ್ಲಿ ವಿಲಿಯಂ ಶಾಕ್ಲಿಯೂ ಇದ್ದರು, ಮುಂದೆ ಭೌತವಿಜ್ಞಾನದ ನೊಬೆಲ್ ಪಡೆದವರು.

ನಾವು ಮೆಚ್ಚುವ ಗುರುತುಗಳು ಕೂಡ ಎಷ್ಟೋ ಸಲ ತಪ್ಪು ಗುರುತುಗಳು. ಮೂರು ವರ್ಷದ ಮಗು ದೇಶಗಳ ರಾಜಧಾನಿ ಒಪ್ಪಿಸಿದರೆ ವಿಡಿಯೊ ಮಾಡಿ ಊರಿಗೆಲ್ಲ ಕಳಿಸುತ್ತೇವೆ. ಅದರಲ್ಲಿ ಮಗುವಿನ ನೆನಪಿಗಿಂತ ತಂದೆತಾಯಿಯ ಶ್ರಮವೇ ಹೆಚ್ಚು ಕಾಣುತ್ತದೆ. ನಿಜವಾದ ಗುರುತು ಮಗು ಕೇಳುವ ಪ್ರಶ್ನೆಯಲ್ಲಿದೆ. ಸೊನ್ನೆಯಿಂದ ಸೊನ್ನೆ ಕಳೆದರೆ ಸೊನ್ನೆಯೇ ಯಾಕೆ, ರೈಲು ಬರುವ ಮೊದಲೇ ಹಳಿಯಲ್ಲಿ ಸದ್ದು ಹೇಗೆ ಬರುತ್ತದೆ, ತೆಲುಗಿನ ಅಕ್ಷರಕ್ಕೂ ಕನ್ನಡದ ಅಕ್ಷರಕ್ಕೂ ಇಷ್ಟು ಹೋಲಿಕೆ ಇದ್ದೂ ಬೇರೆ ಬೇರೆ ಯಾಕೆ ಎಂದು ಕೇಳುವ ಮಗು ಅಂಕಪಟ್ಟಿಯಲ್ಲಿ ಮೊದಲಿರಲೇಬೇಕೆಂದಿಲ್ಲ. ಹಲವು ಸಲ ಅದು ತುಂಟ ಎನಿಸಿಕೊಂಡ ಮಗು. ಆದ್ದರಿಂದ ಪೋಷಕರು ಶಾಲೆಗೆ ಹೋಗುವಾಗ "ನಮ್ಮ ಮಗು ಬಹಳ ಬುದ್ಧಿವಂತ" ಎಂದು ಹೇಳುವುದಕ್ಕಿಂತ ಅದು ಕೇಳಿದ ಎರಡು ಪ್ರಶ್ನೆಗಳನ್ನು, ತಾನಾಗಿ ಮಾಡಿದ ಒಂದು ಲೆಕ್ಕವನ್ನು ಒಯ್ಯುವುದು ಒಳ್ಳೆಯದು. ಮೊದಲನೆಯದು ಶಿಕ್ಷಕರನ್ನು ತೀರ್ಪು ಕೊಡುವ ಸ್ಥಾನದಲ್ಲಿ ಕೂರಿಸುತ್ತದೆ. ಎರಡನೆಯದು ಇಬ್ಬರನ್ನೂ ಒಂದೇ ಹಾಳೆಯ ಮುಂದೆ ಕೂರಿಸುತ್ತದೆ.

ಬೆಳೆಯುವ ಸಿರಿ ಮೊಳಕೆಯಲ್ಲೇ ಗೊತ್ತು, ಜಾಣ ಮಕ್ಕಳು ಹೇಗೂ ಮೇಲೆ ಬರುತ್ತಾರೆ, ಇದೇ ಮಾಲೂರು ತಾಲ್ಲೂಕಿನಿಂದ ಮಾಸ್ತಿ ಬರಲಿಲ್ಲವೇ, ಮೆಟ್ರಿಕ್ ದಾಟದೆಯೇ ಮುಳಬಾಗಿಲಿನ ಡಿ.ವಿ.ಜಿ. ಬೆಳೆಯಲಿಲ್ಲವೇ ಎಂಬ ಮಾತು ನಮ್ಮಲ್ಲಿ ಬಹಳ ಬಳಕೆಯದು. ಮೇಲೆ ಬಂದವರ ಹೆಸರು ನಮಗೆ ಗೊತ್ತಿದೆ. ಬಾರದವರ ಹೆಸರು ಗೊತ್ತಾಗುವ ದಾರಿಯೇ ಇಲ್ಲ. ಬಂದವರ ಹಿಂದೆಯೂ ಯಾರೋ ಒಬ್ಬರು ಕೈಹಿಡಿದವರಿರುತ್ತಾರೆ. ಡಾ. ಎಚ್. ನರಸಿಂಹಯ್ಯನವರು 1920ರಲ್ಲಿ ಅಂದಿನ ಅವಿಭಜಿತ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಕಡುಬಡ ಮನೆಯಲ್ಲಿ ಹುಟ್ಟಿದರು. ಅವರ ಊರಿನಲ್ಲಿ ಹೈಸ್ಕೂಲಿರಲಿಲ್ಲ. ಅವರ ಬುದ್ಧಿಯನ್ನು ಬಲ್ಲ ಮುಖ್ಯೋಪಾಧ್ಯಾಯರ ಒತ್ತಾಸೆಯಿಂದ 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಲು ಹೊರಟಾಗ ರೈಲಿನ ಚಾರ್ಜಿಗೂ ಹಣವಿಲ್ಲದೆ ಬೆಂಗಳೂರಿಗೆ ನಡೆದೇ ಬಂದರು. ಮುಂದೆ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಆ ನಡಿಗೆಯ ಕಥೆಯನ್ನು ನಾವು ಮಕ್ಕಳಿಗೆ ಛಲದ ಪಾಠವಾಗಿ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಶಿಕ್ಷಕರಿಗೆ ಆ ಕಥೆಯಲ್ಲಿ ಬೇರೆ ಪಾಠವಿದೆ: ಆ ಹುಡುಗ ಹೊರಡುವ ಮುನ್ನ ಒಬ್ಬ ಮೇಷ್ಟ್ರು ಅವನಿಗಾಗಿ ಮುಂದಿನ ಶಾಲೆಯ ಯೋಚನೆ ಮಾಡಿದ್ದರು.

ಈಗ ಶಿಕ್ಷಕರ ಕಡೆಯ ಆಕ್ಷೇಪಕ್ಕೆ ಬರುತ್ತೇನೆ. ಅದು ಎಲ್ಲಕ್ಕಿಂತ ಗಟ್ಟಿಯಾದದ್ದು. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಕಾಯ್ದೆಯ ಲೆಕ್ಕ. ಐದು ತರಗತಿ, ಇಬ್ಬರು ಶಿಕ್ಷಕರು. ಅದರ ಮೇಲೆ ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ, ಆನ್‌ಲೈನ್ ಭರ್ತಿ, ಚುನಾವಣೆ, ಗಣತಿ. ಐದನೇ ತರಗತಿಯಲ್ಲಿದ್ದೂ ಎರಡನೇ ತರಗತಿಯ ಪಾಠ ಓದಲಾಗದ ಮಕ್ಕಳು ಎದುರಿಗಿರುವಾಗ, ಎಲ್ಲ ಬಲ್ಲವಳ ಚಿಂತೆ ಯಾಕೆ ಎಂದು ಅವರು ಕೇಳಿದರೆ ಅದು ಸೋಮಾರಿತನದ ಮಾತಲ್ಲ, ಹೊಣೆಯರಿತವರ ಮಾತು. ಅದಕ್ಕೇ ಪೋಷಕರ ಕೋರಿಕೆ ಚಿಕ್ಕದಾಗಿರಬೇಕು ಎಂಬುದು ನನ್ನ ಆಗ್ರಹ. ಒಂದು ವಿಷಯ, ಒಂದು ತಿಂಗಳು, ಮೇಡಂಗೆ ವಾರಕ್ಕೆ ಹತ್ತು ನಿಮಿಷ. ಬೇಗ ಮುಗಿಸಿದವಳು ಗ್ರಂಥಾಲಯದ ಪುಸ್ತಕ ತೆಗೆದುಕೊಳ್ಳಬಹುದೇ, ಗಣಿತದ ಪಿರಿಯಡ್‌ನಲ್ಲಿ ಮಾತ್ರ ನಾಲ್ಕನೇ ತರಗತಿಯವರ ಜತೆ ಕೂರಬಹುದೇ ಎಂದು ಕೇಳುವುದು. ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕಗಳನ್ನು ತೆರೆದಿಡುವುದಷ್ಟೇ ಎಷ್ಟೋ ಶಾಲೆಗಳಲ್ಲಿ ದೊಡ್ಡ ಹೆಜ್ಜೆ. ಚುರುಕು ಮಗುವನ್ನೇ ಚಿಕ್ಕ ಮೇಷ್ಟ್ರು ಮಾಡಿ ಉಳಿದವರಿಗೆ ಹೇಳಿಕೊಡಿಸುವ ರೂಢಿ ನಮ್ಮ ಜಗಲಿ ಶಾಲೆಗಳ ಕಾಲದ್ದು, ಮದರಾಸಿನಿಂದ ಆಂಡ್ರೂ ಬೆಲ್ ಎಂಬ ಪಾದ್ರಿ ಅದನ್ನು ಇಂಗ್ಲೆಂಡಿಗೂ ಒಯ್ದ. ಹೇಳಿಕೊಡುವುದರಿಂದ ಹೇಳುವವರ ತಿಳಿವೂ ಗಟ್ಟಿಯಾಗುತ್ತದೆ, ಒಪ್ಪುತ್ತೇನೆ. ದಿನವೆಲ್ಲ ಅದೇ ಆದರೆ ಅದು ಆ ಮಗುವಿನ ಕಲಿಕೆಯ ಸಮಯವನ್ನು ಕೇಳದೆ ತೆಗೆದುಕೊಂಡಂತೆ.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡಿದೆ. ಪ್ರತಿಭೆ ಎಂಬ ಮಾತನ್ನು ನಮ್ಮ ದೇಶದಲ್ಲಿ ಮೀಸಲಾತಿಯ ಎದುರು ಬಡಿಗೆಯಂತೆ ಬೀಸಲಾಗಿದೆ. ಕೆಲವರು ಹುಟ್ಟಿನಿಂದಲೇ ಯೋಗ್ಯರು ಎಂಬ ಹಳೆಯ ನಂಬಿಕೆಗೆ ಅದು ಹೊಸ ಅಂಗಿ ಎಂದು ಅನುಮಾನಿಸುವವರ ಅನುಮಾನ ಸಕಾರಣ. ಆದರೆ ಈ ಅನುಮಾನದಿಂದ ಸುಮ್ಮನಾದರೆ ನಷ್ಟ ಯಾರಿಗೆ? ಮಾಲೂರಿನ, ಬೆಂಗಳೂರಿನ ಅನುಕೂಲಸ್ಥರ ಮಗುವಿಗೆ ಶಾಲೆ ಕೊಡದ ಮುಂದಿನ ಪಾಠವನ್ನು ಟ್ಯೂಷನ್ನು, ಅಬಾಕಸ್ ತರಗತಿ, ಮನೆಯ ಪುಸ್ತಕದ ಕಪಾಟು ಕೊಡುತ್ತವೆ. ಕ್ವಾರಿಯಲ್ಲಿ ಕಲ್ಲು ಒಡೆಯುವವರ ಮಗುವಿಗೆ, ಟೊಮೆಟೊ ತೋಟಕ್ಕೆ ಕೂಲಿ ಹೋಗುವವರ ಮಗುವಿಗೆ ಶಾಲೆ ಬಿಟ್ಟರೆ ಬೇರೆ ದಾರಿಯಿಲ್ಲ. ಸರ್ಕಾರಿ ಶಾಲೆ ಪ್ರತಿಭೆಯ ಮಾತಾಡುವುದನ್ನು ಬಿಟ್ಟರೆ ಪ್ರತಿಭೆ ಕೊಳ್ಳುವವರ ಪಾಲಾಗುತ್ತದೆ. ಹುಡುಗಿಯರ ವಿಷಯದಲ್ಲಂತೂ ಇದು ಇನ್ನೂ ತುರ್ತು. ಅವಳಿಗೆ ಓದಿನಲ್ಲಿ ವಿಶೇಷ ಶಕ್ತಿಯಿದೆ ಎಂದು ಶಿಕ್ಷಕರು ತಂದೆಯ ಎದುರು ಹೇಳಿದ ಒಂದು ಮಾತು ಮದುವೆಯ ಮಾತನ್ನು ಕೆಲವು ವರ್ಷ ದೂರ ತಳ್ಳಬಲ್ಲದು.

ನವೋದಯ ಇದೆಯಲ್ಲ ಎನ್ನುವವರಿಗೆ ಇಷ್ಟೇ ಹೇಳುತ್ತೇನೆ. ಅದು ಆರನೇ ತರಗತಿಯಿಂದ ಶುರು, ಒಂದು ವಿದ್ಯಾಲಯಕ್ಕೆ ವರ್ಷಕ್ಕೆ ಎಂಬತ್ತು ಸೀಟು. ಐದು ವರ್ಷ ಕಾದು, ಆ ಎಂಬತ್ತರೊಳಗೆ ಬಾರದಿದ್ದರೆ ಮುಂದೇನು ಎಂಬುದಕ್ಕೆ ಅದು ಉತ್ತರವಲ್ಲ. ಇನ್ನು ತರಗತಿಯನ್ನೇ ಜಿಗಿಸುವುದು ವಯಸ್ಸಿಗೆ ತಕ್ಕ ತರಗತಿಯನ್ನು ಒತ್ತಿಹೇಳುವ ನಮ್ಮ ವ್ಯವಸ್ಥೆಯಲ್ಲಿ ಸುಲಭವಲ್ಲ. ಹೆಚ್ಚಿನ ಮಕ್ಕಳಿಗೆ ಅದು ಬೇಕಾಗುವುದೂ ಇಲ್ಲ, ಗೆಳೆಯರ ನಡುವೆಯೇ ಇದ್ದು ಒಂದು ವಿಷಯದಲ್ಲಿ ಮುಂದೆ ಹೋದರೆ ಸಾಕು. ಹತ್ತಿರದಲ್ಲಿ ಒದಗುವ ನೆರವೂ ಇದೆ. ಟೇಕಲ್ ನಿಲ್ದಾಣದಿಂದ ಬಂಗಾರಪೇಟೆ ದಾಟಿ ಅದೇ ರೈಲುಹಾದಿಯಲ್ಲಿ ಮುಂದೆ ಹೋದರೆ ಕುಪ್ಪಂ ಸೀಮೆಯಲ್ಲಿ ಅಗಸ್ತ್ಯ ಪ್ರತಿಷ್ಠಾನದ 172 ಎಕರೆಯ ವಿಜ್ಞಾನ ಆವರಣವಿದೆ, ಅವರ ಸಂಚಾರಿ ಪ್ರಯೋಗಾಲಯಗಳು ಹಳ್ಳಿ ಶಾಲೆಗಳಿಗೆ ಹೋಗುತ್ತವೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರತಿಭಾನ್ವಿತ ಮಕ್ಕಳ ಶಿಕ್ಷಣದ ಬಗ್ಗೆ ವರ್ಷಗಳಿಂದ ಕೆಲಸ ನಡೆದಿದೆ. ನಮ್ಮ ಶಿಕ್ಷಕರ ಸಮಾಲೋಚನಾ ಸಭೆಗಳಿಗೆ ಇವರನ್ನು ಕರೆಸಬಹುದು.

ಕೊನೆಗೆ, ಈ ಮಾತನ್ನು ಯಾರು ಆಡಬೇಕು? ಬೆಳಿಗ್ಗೆ ಏಳಕ್ಕೆ ಕ್ವಾರಿಗೆ ಹೋಗುವ ತಾಯಿಗೆ ಹನ್ನೊಂದು ಗಂಟೆಯ ಪೋಷಕರ ಸಭೆ ಎಂದರೆ ಒಂದು ದಿನದ ಕೂಲಿ ಹೋದಂತೆ. ಬಂದರೂ ಮೇಡಂ ಎದುರು ಕುರ್ಚಿಯಲ್ಲಿ ಕೂರಲು ಹಿಂಜರಿಯುವವರು ಕಾಯ್ದೆಯ ಕಲಮು ಹೇಳಿ ಕೇಳುವುದಿಲ್ಲ. ಪ್ರತಿ ಮಗುವಿನ ಪರವಾಗಿ ಅದರ ಮನೆಯವರೇ ಬರಲಿ ಎಂದು ಬಿಟ್ಟರೆ ಬ್ರೋವರ್ಡ್‌ನಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಹಾಗಾಗಿ ಈ ಕೆಲಸವನ್ನು ಶಾಲಾಭಿವೃದ್ಧಿ ಸಮಿತಿ ವಹಿಸಿಕೊಳ್ಳಬೇಕು. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ನಿಯಮವಿದೆ. ಕಾಂಪೌಂಡು, ಶೌಚಾಲಯ, ಬಣ್ಣ, ಬಿಸಿಯೂಟದ ಜತೆಗೆ ತಿಂಗಳ ಸಭೆಯ ನಡಾವಳಿಯಲ್ಲಿ ಒಂದು ಸಾಲು ಸೇರಿಸಿ: ಈ ತಿಂಗಳ ಪಾಠ ಶುರುವಾಗುವ ಮೊದಲೇ ಅದು ಗೊತ್ತಿದ್ದ ಮಕ್ಕಳು ಯಾರು, ಅವರಿಗೆ ಏನು ಕೊಟ್ಟೆವು? ಯಾರೂ ಇಲ್ಲ ಎಂಬ ಉತ್ತರ ಬಂದರೆ ಅದನ್ನೂ ಬರೆದಿಡಿ. ಆರು ತಿಂಗಳು ಒಂದೇ ಸಮನೆ ಅದೇ ಉತ್ತರ ಬಂದರೆ, ಮಕ್ಕಳನ್ನು ಇನ್ನೊಮ್ಮೆ ಅವರ ಮನೆಮಾತಿನಲ್ಲಿ ಮಾತಾಡಿಸಿ ನೋಡಿ. ಸಭೆಯನ್ನು ಕ್ವಾರಿಗೆ ರಜೆ ಇರುವ ದಿನ ಇಟ್ಟುಕೊಳ್ಳಿ. ಇಲ್ಲಿ ಕುಳಿತಿರುವ ದಾನಿಗಳಲ್ಲೂ ಒಂದು ಕೋರಿಕೆ: ಮುಂದಿನ ವರ್ಷ ಹೊಸ ದತ್ತಿ ಇಡುವವರಿದ್ದರೆ ಅದರ ಬಡ್ಡಿ ಫಲಕ, ಶಾಲುಗಳಿಗೆ ಹೋಗದೆ ಮೂರನೇ ತರಗತಿಯ ಕೋಣೆಯಲ್ಲಿ ಬೀಗವಿಲ್ಲದ ಒಂದು ಪುಸ್ತಕದ ಕಪಾಟಿಗೆ ಹೋಗಲಿ. ಅದರಲ್ಲಿ ಕನ್ನಡದ ಜತೆ ತೆಲುಗು, ಉರ್ದು ಪುಸ್ತಕಗಳೂ ಇರಲಿ, ಮತ್ತು ಆರನೇ ತರಗತಿಯ ಗಣಿತದ ಪುಸ್ತಕವೂ ಒಂದು ಇರಲಿ.